ಬೂಸಾ ಗಲಾಟೆ: ಒಂದು ಭಾಷಣ, ಒಂದು ಚಳವಳಿ

ಒಂದು ಭಾಷಣಕ್ಕೆ ಮಂತ್ರಿಗಿರಿಯೇ ಹೋಗುತ್ತಾ?
ಹೋಯ್ತು. ನಮ್ಮ ಕರ್ನಾಟಕದಲ್ಲೇ.

1973ರ ನವೆಂಬರ್. ಮೈಸೂರು.
ವಿದ್ಯಾರ್ಥಿಗಳ ಮುಂದೆ ನಿಂತವರು ಬಿ. ಬಸವಲಿಂಗಪ್ಪ.
ದೇವರಾಜ ಅರಸು ಸರ್ಕಾರದ ಸಚಿವರು. ದಲಿತ ನಾಯಕರು.
ತಲೆ ಮೇಲೆ ಮಲ ಹೊರೋ ಪದ್ಧತಿಯನ್ನು ನಿಷೇಧಿಸಿದ್ದು ಇವರೇ.
ಅವರನ್ನು ನೆನೆಯೋಕೆ ಇದೊಂದೇ ಸಾಕು.

ಅವತ್ತು ಅವರು ಹೇಳಿದ್ದು ಇಷ್ಟು:
ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ,
ನೀವು ಇಂಗ್ಲಿಷ್ ಕಲೀರಿ.

ರಾಜ್ಯ ಹೊತ್ತಿಕೊಂಡಿತು.
ಬೀದಿ ತುಂಬ ಮೆರವಣಿಗೆ.
ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ.
ಕುವೆಂಪು ಬಸವಲಿಂಗಪ್ಪನವರ ಪರ ನಿಂತರು.
ಆದರೂ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯ್ತು.

ಅಲ್ಲಿಗೆ ಮುಗೀತಾ? ಇಲ್ಲ.

ಕಬ್ಬು ಬೆಳೆಯೋ ರೈತರಿಗೆ ಗೊತ್ತು.
ಕಬ್ಬನ್ನು ಬುಡಕ್ಕೇ ಕಡಿದರೂ ಬೇರು ನೆಲದಲ್ಲೇ ಇರುತ್ತೆ.
ಕೂಳೆ ಚಿಗುರುತ್ತೆ, ಮತ್ತೆ ಬೆಳೆ ನಿಲ್ಲುತ್ತೆ.
ಇಲ್ಲೂ ಹಾಗೇ ಆಯ್ತು.

ಏಟು ತಿಂದ ಹುಡುಗರು
ಒಬ್ಬರನ್ನೊಬ್ಬರು ಹುಡುಕಿಕೊಂಡು ಬಂದರು.
ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪ ಮುಂದೆ ನಿಂತರು.
ಜೊತೆಗೆ ದೇವನೂರ ಮಹಾದೇವ, ಸಿದ್ಧಲಿಂಗಯ್ಯ. ಇಬ್ಬರೂ ಎಳೇ ವಯಸ್ಸಿನವರು.
ಹುಟ್ಟಿದ್ದು ದಲಿತ ಸಂಘರ್ಷ ಸಮಿತಿ.

ಭೂಮಿಗಾಗಿ ಹೋರಾಟ.
ಕೂಲಿಗಾಗಿ, ಮರ್ಯಾದೆಗಾಗಿ ಹೋರಾಟ.
ತಮಟೆ ಹಿಡಿದು, ಹಾಡು ಕಟ್ಟಿ, ಊರೂರು ತಿರುಗಿದರು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದು.
ಆ ಹುಡುಗರು ಕನ್ನಡವನ್ನು ಬಿಡಲಿಲ್ಲ.
1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು.
ಅಲ್ಲಿಯವರೆಗೆ ಪುಸ್ತಕದಲ್ಲಿ ಅಪರೂಪವಾಗಿದ್ದ ಕೇರಿಯ ಸಿಟ್ಟು,
ಕೇರಿಯ ಮಾತಲ್ಲೇ ಅಚ್ಚಾಯ್ತು.

ನಿಮ್ಮೂರಲ್ಲಿ ಆಗ ಹಾಸ್ಟೆಲ್‌ನಲ್ಲಿ ಓದಿದ ಹಿರಿಯರು ಇದ್ದಾರಾ?
ಹೋಗಿ ಕೇಳಿ.
ಅವರು ಹೇಳಿದ್ದನ್ನು ಕಾಮೆಂಟ್‌ನಲ್ಲಿ ಬರೀರಿ.