ನೀರುನುಸಿಗಳು: ಅವುಗಳ ವರ್ಗಗಳೂ ವ್ಯಾಪ್ತಿಯೂ

ಮುಂಗಾರಿನ ಮೊದಲ ಮಳೆಯಾದ ಮೇಲೆ ಹೊಲದ ಮಣ್ಣಿನಲ್ಲಿ ಕೆಂಪು ಮಖಮಲ್ಲಿನ ತುಣುಕಿನಂತೆ ಹರಿದಾಡುವ ಇಂದ್ರಗೋಪವನ್ನು ನಮ್ಮ ಕವಿಗಳು ಬಲ್ಲರು, ಹಳ್ಳಿಯ ಮಕ್ಕಳೂ ಬಲ್ಲರು. ಅದರ ಹತ್ತಿರದ ಬಂಧುಗಳು ಕೆರೆ, ಕುಂಟೆ, ತೊರೆಗಳ ನೀರಿನಲ್ಲಿ ವಾಸವಾಗಿರುವ ಸಂಗತಿ ಮಾತ್ರ ಬಹುಮಂದಿಗೆ ತಿಳಿಯದು. ಕೆರೆಯ ಅಂಚಿನ ಪಾಚಿಯನ್ನು ಬಿಳಿಯ ತಟ್ಟೆಯೊಂದರಲ್ಲಿ ಹಾಕಿ ನೋಡಿದರೆ, ಸಾಸಿವೆಕಾಳಿನಷ್ಟು ಅಥವಾ ಅದಕ್ಕೂ ಕಿರಿದಾದ ಕೆಂಪು, ಹಸಿರು, ನೀಲಿ ಉಂಡೆಗಳು ಕಾಲು ಬಡಿಯುತ್ತ ಈಜುವುದು ಕಾಣಬಹುದು. ಇವೇ ನೀರುನುಸಿಗಳು. ಇವು ಕೀಟಗಳಲ್ಲ, ಎಂಟು ಕಾಲುಳ್ಳ ಇವು ಜೇಡ, ಚೇಳುಗಳ ವಂಶಕ್ಕೆ ಸೇರಿದುವು.

ಇವುಗಳ ವಿಷಯದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದಕ್ಕೊಂದು ಇಷ್ಟು ಹೋಲುವ ಪ್ರಾಣಿಗಳನ್ನು ವಿಂಗಡಿಸುವುದು ಹೇಗೆ? ರೆಕ್ಕೆಯಿಲ್ಲದ, ನೀರು ಬಿಟ್ಟರೆ ಒಣಗಿ ಸಾಯುವ ಜೀವವು ಒಂದು ಕುಂಟೆಯಿಂದ ಮತ್ತೊಂದು ಕುಂಟೆಗೆ ಹೋದುದು ಹೇಗೆ? ಅಂಟಾರ್ಕ್ಟಿಕವೊಂದನ್ನುಳಿದು ಎಲ್ಲ ಖಂಡಗಳಲ್ಲಿಯೂ ಇವು ಇವೆ. ಈ ಎರಡು ಪ್ರಶ್ನೆಗಳೂ ಬೇರೆಬೇರೆ ಎಂದು ತೋರಿದರೂ ಎರಡಕ್ಕೂ ಉತ್ತರವು ಬಹುಮಟ್ಟಿಗೆ ಒಂದೇ ಕಡೆ, ಎಂದರೆ ಈ ಪ್ರಾಣಿಯ ಮರಿಯಲ್ಲಿ ದೊರೆಯುತ್ತದೆಂಬುದನ್ನು ನಾವು ಇಲ್ಲಿ ತೋರಿಸಬೇಕೆಂದಿದ್ದೇವೆ.

ಮೊದಲು ಒಂದು ಎಚ್ಚರಿಕೆ ಅವಶ್ಯ. ಸಿಹಿನೀರಿನಲ್ಲಿರುವ ನುಸಿಗಳೆಲ್ಲವೂ ಒಂದೇ ವಂಶದವಲ್ಲ. ಮಣ್ಣಿನಲ್ಲಿರತಕ್ಕ ಬೇರೊಂದು ಪಂಗಡದ ಕೆಲವು ನುಸಿಗಳು ನೀರಿಗಿಳಿದಿವೆ. ಸಮುದ್ರವಾಸಿಗಳಾದ ಇನ್ನೊಂದು ಪಂಗಡದ ಕೆಲವು ನದಿಗಳನ್ನು ಸೇರಿವೆ. ಒಂದೇ ಬೀದಿಯಲ್ಲಿ ಮನೆಮಾಡಿದವರೆಲ್ಲ ಒಂದೇ ಗೋತ್ರದವರಾಗಬೇಕಾಗಿಲ್ಲವಷ್ಟೆ. ನಿಜವಾದ ನೀರುನುಸಿಗಳ ಪಂಗಡಕ್ಕೆ ಶಾಸ್ತ್ರಜ್ಞರು ಹೈಡ್ರಾಕ್ನಿಡಿಯ ಎಂದು ಹೆಸರಿಟ್ಟಿದ್ದಾರೆ. ಇದುವರೆಗೆ ವರ್ಣಿತವಾಗಿರುವ ಪ್ರಭೇದಗಳು ೬೦೦೦ಕ್ಕೂ ಹೆಚ್ಚು. ಇವನ್ನು ಸಾಮಾನ್ಯವಾಗಿ ಎಂಟು ಮಹಾಕುಟುಂಬಗಳಾಗಿ ವಿಭಾಗಿಸುತ್ತಾರೆ.

ಲಿನ್ನೇಯಸ್ ಪಂಡಿತನು ೧೭೫೮ರಲ್ಲಿ ನೀರುನುಸಿಯೊಂದನ್ನು ನೆಲದ ನುಸಿಗಳೊಡನೆಯೇ ಸೇರಿಸಿ ಹೆಸರಿಸಿದನು. ಡೆನ್ಮಾರ್ಕಿನ ಓಟ್ಟೊ ಫ್ರೀಡ್ರಿಖ್ ಮ್ಯುಲ್ಲರನು ೧೭೮೧ರಲ್ಲಿ ತನ್ನ ದೇಶದ ಜೌಗುನೀರಿನ ನುಸಿಗಳ ಮೇಲೆಯೇ ಒಂದು ಪುಸ್ತಕವನ್ನು ಪ್ರಕಟಿಸಿದನು. ಆ ಮೇಲೆ ಬಂದವರು ಬೆಳೆದ ನುಸಿಯ ಕಣ್ಣುಗಳ ಜೋಡಣೆ, ಕಾಲಿನ ಬುಡದ ಫಲಕಗಳು, ಜನನಾಂಗದ ಸುತ್ತಣ ಬಟ್ಟಲುಗಳು, ಬಾಯಿಯ ಪಕ್ಕದ ಅಂಗಗಳು, ಇವುಗಳನ್ನು ನೋಡಿ ಕುಲ ಕುಟುಂಬಗಳನ್ನು ಏರ್ಪಡಿಸಿದರು. ಆದರೆ ಇಲ್ಲಿ ಒಂದು ತೊಡಕುಂಟು. ರಭಸದ ತೊರೆಯಲ್ಲಿ ಬಾಳುವ ನುಸಿಗೆ ಈಜುಗೂದಲಿಂದ ಪ್ರಯೋಜನವಿಲ್ಲ. ಕಲ್ಲನ್ನು ಹಿಡಿಯಲು ಬಲವಾದ ಉಗುರೂ ಚಪ್ಪಟೆಯಾದ ಮೈಯೂ ಬೇಕು. ನೆಲದಡಿಯ ಮರಳಿನ ಸಂದಿಯಲ್ಲಿರುವುದಕ್ಕೆ ಬಣ್ಣವೂ ಬೇಡ, ಕಣ್ಣೂ ಬೇಡ. ಹೀಗೆ ಬೇರೆಬೇರೆ ವಂಶದವು ಒಂದೇ ಬಗೆಯ ಬಾಳಿನಿಂದ ಒಂದೇ ರೂಪವನ್ನು ತಾಳುತ್ತವೆ. ಮೈಮೇಲಿನ ಗಟ್ಟಿ ಕವಚವೂ ಹಲವು ವಂಶಗಳಲ್ಲಿ ಪ್ರತ್ಯೇಕವಾಗಿಯೇ ಹುಟ್ಟಿದೆ. ಬೆಳೆದ ಪ್ರಾಣಿಯ ರೂಪವನ್ನು ಮಾತ್ರ ನಂಬಿದವನು ವೇಷವನ್ನು ಕಂಡು ಜಾತಿಯನ್ನು ಹೇಳಿದಂತಾಗುತ್ತದೆ.

ಇನ್ನು ಮರಿಯ ವಿಚಾರ. ಮೊಟ್ಟೆಯಿಂದ ಹೊರಡುವ ಮರಿಗೆ ಆರೇ ಕಾಲುಗಳು. ತಾಯಿಯ ಹೋಲಿಕೆ ಅದರಲ್ಲಿ ಅಷ್ಟಾಗಿ ಕಾಣದು. ಅದು ಬಹುಮಟ್ಟಿಗೆ ಪರಾವಲಂಬಿ. ನೀರುತಿಗಣೆ, ನೀರಿನ ದುಂಬಿ, ಸೊಳ್ಳೆ, ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟ, ಇವುಗಳಲ್ಲಿ ಒಂದರ ಮೈಗೆ ಅಂಟಿಕೊಂಡು ಅದರ ರಸವನ್ನು ಹೀರುತ್ತದೆ. ಅನಂತರ ಕಳಚಿಕೊಂಡು ನೀರಿಗೆ ಬಿದ್ದು, ಅಲ್ಲಾಡದೆ ಒಂದು ವಿಶ್ರಾಂತಿದಶೆಯನ್ನು ಕಳೆದು, ಎಂಟು ಕಾಲಿನ ಬೇಟೆಗಾರನಾಗುತ್ತದೆ. ಮತ್ತೊಂದು ವಿಶ್ರಾಂತಿಯ ತರುವಾಯ ಪೂರ್ಣವಾಗಿ ಬೆಳೆದ ನುಸಿಯಾಗುತ್ತದೆ. ಕೀಟಕ್ಕಂಟಿ ಚೀಲದಂತೆ ಉಬ್ಬಿದ ಇಂತಹ ಮರಿಯನ್ನು ಕಂಡು ಫ್ರಾನ್ಸಿನ ಓಡುವಾಂ ಎಂಬ ಪಂಡಿತನು ಅದು ಬೇರೆಯೇ ಪ್ರಾಣಿಯೆಂದು ತಿಳಿದು ಅಕ್ಲಿಸಿಯ ಎಂಬ ಹೊಸ ಕುಲವನ್ನೇ ಸ್ಥಾಪಿಸಿದ್ದನು. ಅದು ನೀರುನುಸಿಯ ಮರಿಯೆಂಬುದು ಅನಂತರ ತಿಳಿದುಬಂದಿತು.

ಈ ಮರಿಗಳೇ ವಂಶದ ಗುಟ್ಟನ್ನು ಹೊರಗೆಡಹುತ್ತವೆ. ಕೆಲವು ಮಹಾಕುಟುಂಬಗಳ ಮರಿಗಳು ನೀರಿನ ಮೇಲ್ಪೊರೆಯ ಮೇಲೆ ಓಡಾಡುತ್ತ, ಇಂದ್ರಗೋಪದ ಮರಿಯಂತೆ ನೆಲದ ಪ್ರಾಣಿಯ ಲಕ್ಷಣಗಳನ್ನು ಉಳಿಸಿಕೊಂಡಿವೆ. ಮತ್ತೆ ಕೆಲವುಗಳ ಮರಿಗಳು ನೀರಿನೊಳಗೇ ಈಜಿ ಆಶ್ರಯವನ್ನು ಹುಡುಕುತ್ತವೆ. ನೀರುನುಸಿಗಳ ಪೂರ್ವಿಕರು ನೆಲದವರೆಂಬುದಕ್ಕೆ ಇದೊಂದು ಬಲವಾದ ಸಾಕ್ಷಿ. ರಾಜರ್ ಮಿಚೆಲ್ ೧೯೫೭ರಲ್ಲಿ ಇವುಗಳ ವಿಕಾಸದ ಮುಖ್ಯ ಶಾಖೆಗಳನ್ನು ನಿರೂಪಿಸಿದರು. ಪ್ರಸಾದ್ ಮತ್ತು ಕುಕ್ ಇಬ್ಬರೂ ೧೯೭೨ರಲ್ಲಿ ಮರಿಗಳ ವರ್ಗೀಕರಣವನ್ನೇ ಕುರಿತು ಗ್ರಂಥವನ್ನು ಬರೆದರು.

ಎರಡನೆಯ ಪ್ರಶ್ನೆಗೂ ಈಗ ಉತ್ತರ ಸುಲಭ. ತಾನು ಹಾರಲಾರದ ನುಸಿಯು ಮರಿಯಾಗಿದ್ದಾಗ ಹಾರುವವರ ಬೆನ್ನೇರುತ್ತದೆ. ಅರ್ರೆನೂರಸ್ ಕುಲದ ಹಲವು ಮರಿಗಳು ಏರೋಪ್ಲೇನ್ ಚಿಟ್ಟೆಯ ನೀರೊಳಗಿನ ಮರಿಹುಳುವಿನ ಮೇಲೆ ಕಾದಿರುತ್ತವೆ. ಅದು ಪೊರೆ ಕಳಚಿ ರೆಕ್ಕೆ ಬಿಚ್ಚುವ ಹೊತ್ತಿಗೆ ಹೊಸ ಮೈಗೆ ದಾಟಿಕೊಳ್ಳುತ್ತವೆ. ಚಿಟ್ಟೆಯು ಮೊಟ್ಟೆಯಿಡಲು ನೀರಿಗೆ ಮರಳಿದಾಗ ಇವು ಕೆಳಗಿಳಿಯುತ್ತವೆ. ಬೇಸಗೆಯಲ್ಲಿ ಒಣಗುವ ಕುಂಟೆಗಳ ನುಸಿಗಳಲ್ಲಿ ಕೆಲವು ತಮ್ಮ ಕೀಟದ ಮೈಮೇಲೆಯೇ ಉಳಿದು ಆ ಕಷ್ಟಕಾಲವನ್ನು ಕಳೆಯುತ್ತವೆ. ಆದುದರಿಂದ ನಿಂತ ನೀರಿನ ನುಸಿಗಳು ದೂರದೂರ ಹರಡಿರುವುದು ಆಶ್ಚರ್ಯವಲ್ಲ. ತೊರೆಯ ನುಸಿಗಳ ಸ್ಥಿತಿ ಬೇರೆ. ಅವುಗಳಲ್ಲಿ ಅನೇಕವು ತೊರೆಯನ್ನು ಬಿಟ್ಟು ದೂರ ಹೋಗದ ಕ್ಷೀಣವಾದ ಕೀಟಗಳನ್ನು ಆಶ್ರಯಿಸಿರುವುದರಿಂದ ಅವುಗಳ ಸೀಮೆಯೂ ಕಿರಿದು. ಇನ್ನು ಯೂನಿಯೋನಿಕೊಲ ಕುಲದ ಹಲವು ನುಸಿಗಳು ಕಪ್ಪೆಚಿಪ್ಪಿನೊಳಗೇ ಮನೆ ಮಾಡಿಕೊಂಡಿವೆ. ಚಿಪ್ಪು ಇಲ್ಲದ ಕಡೆ ಅವೂ ಇರಲಾರವು.

ತೊರೆಯ ನುಸಿಗಳ ಈ ಮಂದಗತಿಯೇ ಭೂಮಿಯ ಚರಿತ್ರೆಯನ್ನು ಓದಲು ಸಹಾಯಕವಾಗಿದೆ. ಡೇವಿಡ್ ಕುಕ್ ೧೯೬೭ರಲ್ಲಿ ಭಾರತದ ನೀರುನುಸಿಗಳನ್ನೂ, ೧೯೮೬ರಲ್ಲಿ ಆಸ್ಟ್ರೇಲಿಯದವುಗಳನ್ನೂ, ೧೯೮೮ರಲ್ಲಿ ಚಿಲಿ ದೇಶದವುಗಳನ್ನೂ ಕುರಿತು ದೊಡ್ಡ ಗ್ರಂಥಗಳನ್ನು ಪ್ರಕಟಿಸಿದರು. ಈಗ ಸಮುದ್ರಗಳಿಂದ ಬೇರ್ಪಟ್ಟಿರುವ ದಕ್ಷಿಣದ ನೆಲಗಳ ತೊರೆಗಳಲ್ಲಿ ಪರಸ್ಪರ ಸಂಬಂಧವುಳ್ಳ ಪಂಗಡಗಳು ಇರುವುದನ್ನು ಕಂಡು, ಆ ನೆಲಗಳು ಒಂದಾಗಿದ್ದ ಕಾಲದ ಗುರುತು ಇದೆಂದು ಪಂಡಿತರು ಊಹಿಸುತ್ತಾರೆ. ಆದರೆ ವರ್ಗೀಕರಣವು ತಪ್ಪಾದರೆ ಈ ಊಹೆಯೂ ತಪ್ಪುತ್ತದೆ. ರೂಪದಲ್ಲಿ ಮಾತ್ರ ಹೋಲುವ ಎರಡು ನುಸಿಗಳನ್ನು ಬಂಧುಗಳೆಂದು ಬಗೆದವನು ಇಲ್ಲದ ಭೂಸೇತುವೆಯನ್ನು ಕಟ್ಟಿಬಿಡುವನು.

ಇಷ್ಟು ಅಲ್ಪವಾದ ಪ್ರಾಣಿಯ ಕುಲಗೋತ್ರ ವಿಚಾರಣೆಯಿಂದ ಲೋಕಕ್ಕೇನು ಲಾಭವೆಂದು ಕೇಳುವವರಿಗೆ ನಮ್ಮ ಸಮಾಧಾನವಿಷ್ಟೆ. ನುಸಿಯು ಬಾಳಬೇಕಾದರೆ ನೀರು ನಿರ್ಮಲವಾಗಿರಬೇಕು, ಮರಿಯನ್ನು ಹೊರುವ ಕೀಟವಿರಬೇಕು, ಬೆಳೆದ ಮೇಲೆ ತಿನ್ನಲು ಸಣ್ಣ ಜಲಚರಗಳೂ ಕೀಟಗಳ ಮೊಟ್ಟೆಗಳೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದಕ್ಕೆ ಉಳಿವಿಲ್ಲ. ತೊರೆಗೆ ಹೊಲಸು ಬಂದು ಸೇರಿದರೆ, ತಳದ ಕಲ್ಲುಗಳ ಮೇಲೆ ಹೂಳು ಕುಳಿತರೆ, ನುಸಿಗಳ ಪ್ರಭೇದಗಳು ಒಂದೊಂದಾಗಿ ಕಡಮೆಯಾಗುತ್ತವೆ. ನೋಡುವುದಕ್ಕೆ ತಿಳಿಯಾಗಿರುವ ನೀರೆಲ್ಲ ಒಳ್ಳೆಯ ನೀರಲ್ಲ. ಆ ಭೇದವನ್ನು ಹೇಳಬಲ್ಲ ಸಾಕ್ಷಿಗಳಲ್ಲಿ ಈ ನುಸಿಯೂ ಒಂದು. ಆದರೆ ಸಾಕ್ಷಿಯ ಹೆಸರನ್ನೂ ವಂಶವನ್ನೂ ಸರಿಯಾಗಿ ಗೊತ್ತುಮಾಡಿಕೊಳ್ಳದೆ ಅದರ ಮಾತನ್ನು ಬರೆದುಕೊಳ್ಳಲು ಬಾರದು.