ಡರ್ಟ್ ಬೈಕಿನ ಚೈನು: ಆಯ್ಕೆ ಮತ್ತು ಆರೈಕೆ

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯೆಲ್ಲವೂ ಹಿಂದಿನ ಗಾಲಿಯನ್ನು ಸೇರಬೇಕಾದರೆ ಹಾಯ್ದು ಹೋಗಲೇಬೇಕಾದ ಏಕಮಾತ್ರ ಮಾರ್ಗವಾದ ಚೈನು, ಡಾಂಬರು ರಸ್ತೆಯಲ್ಲಿ ಸಂಚರಿಸುವ ಬೈಕುಗಳಲ್ಲಿ ಧೂಳನ್ನೂ ಮಳೆನೀರನ್ನೂ ಸಹಿಸಿಕೊಂಡರೆ ಸಾಕಾಗುತ್ತದೆ. ಆದರೆ ಕಾಡುದಾರಿ, ಹಳ್ಳದ ಪಾತ್ರ, ಕಾಫಿ ತೋಟಗಳ ಏರಿಳಿತಗಳಲ್ಲಿ ಓಡುವುದಕ್ಕೆಂದೇ ನಿರ್ಮಿತವಾದ ಡರ್ಟ್ ಬೈಕಿನಲ್ಲಿ ಅದೇ ಚೈನು ಮರಳು, ಕೆಸರು, ಕಲ್ಲುಪುಡಿಗಳ ನಡುವೆಯೇ ತನ್ನ ಆಯುಷ್ಯವನ್ನು ಕಳೆಯಬೇಕಾಗುತ್ತದೆ. ಕರ್ನಾಟಕದಲ್ಲಿ ಈ ಸವಾರಿಯ ಆಸಕ್ತಿ ಈಚಿನ ವರ್ಷಗಳಲ್ಲಿ ಗಣನೀಯವಾಗಿ ಬೆಳೆದಿದೆ. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರ್ಣಗೊಳಿಸಿ ಆ ಸಾಧನೆ ಮಾಡಿದ ಮೊದಲ ಭಾರತೀಯರೆನಿಸಿದ ಸಿ.ಎಸ್. ಸಂತೋಷ್ ಬೆಂಗಳೂರಿನವರು, ಕೋಲಾರದ ಬಳಿ ಅವರು ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕಿನಲ್ಲಿ ಮಣ್ಣಿನ ಹಾದಿಯ ಸವಾರಿಯನ್ನು ಕ್ರಮವಾಗಿ ಕಲಿಸಲಾಗುತ್ತದೆ. ಹೀಗೆ ಸವಾರಿಯನ್ನು ಕಲಿತವರು ಚೈನಿನ ವಿಚಾರವನ್ನೂ ಕಲಿತುಕೊಳ್ಳುವುದು ಅವಶ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಇಂದು ನಾವು ಬಳಸುವ ರೋಲರ್ ಚೈನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿಯು 1880ರಲ್ಲಿ ರೂಪಿಸಿದ್ದು. ಎರಡು ಫಲಕಗಳ ನಡುವೆ ಪಿನ್ನು, ಪಿನ್ನಿನ ಮೇಲೆ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರು: ಈ ರಚನೆ ಅಂದಿನಿಂದ ಇಂದಿನವರೆಗೆ ಮೂಲತಃ ಬದಲಾಗಿಲ್ಲ.

ಚೈನು ಹಳೆಯದಾದಾಗ ‘ಉದ್ದವಾಗಿದೆ’ ಎನ್ನುವ ಮಾತು ಪ್ರತಿಯೊಂದು ಗ್ಯಾರೇಜಿನಲ್ಲಿಯೂ ಕೇಳಿಬರುತ್ತದೆ. ಉದ್ದವಾಗುವುದು ನಿಜ, ಆದರೆ ಉಕ್ಕಿನ ಫಲಕಗಳು ಹಿಗ್ಗುವುದರಿಂದಲ್ಲ, ಕಣ್ಣಿಗೆ ಕಾಣದಂತೆ ಒಳಗೆ ಅಡಗಿರುವ ಪಿನ್ನೂ ಬುಷ್ಷೂ ಪರಸ್ಪರ ತಿಕ್ಕಿ ಸವೆಯುವುದರಿಂದ. 118 ಲಿಂಕುಗಳ ಚೈನೊಂದರಲ್ಲಿ ಪ್ರತಿಯೊಂದು ಕೀಲೂ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸವೆದರೆ ಇಡೀ ಚೈನು ಸುಮಾರು 12 ಮಿ.ಮೀ. ಬೆಳೆದಂತಾಗುವುದು. ಹಾಗೆ ಬೆಳೆದ ಚೈನಿನ ರೋಲರುಗಳು ಸ್ಪ್ರಾಕೆಟ್ಟಿನ ಹಲ್ಲುಗಳ ಬುಡದಲ್ಲಿ ಕೂರದೆ ಮೇಲೆ ಮೇಲೆ ಏರುತ್ತವೆ. ಹಲವು ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರವು ಕೆಲವೇ ಹಲ್ಲುಗಳ ಮೇಲೆ ಬಿದ್ದು, ಅವು ಒಂದು ಕಡೆಗೆ ಬಾಗಿ ಕೊಕ್ಕೆಯ ಆಕಾರಕ್ಕೆ ತಿರುಗುತ್ತವೆ. ಅಂಥ ಕೊಕ್ಕೆ ಹಲ್ಲುಗಳ ಮೇಲೆ ಹೊಸ ಚೈನನ್ನು ಹಾಕಿದರೆ ಅದೂ ಅಕಾಲದಲ್ಲಿಯೇ ಹಾಳಾಗುವುದು. ಆದುದರಿಂದ ಚೈನೊಂದನ್ನೇ ಬದಲಾಯಿಸುವುದು ಉಳಿತಾಯದಂತೆ ತೋರಿದರೂ ವಸ್ತುತಃ ದುಂದುವೆಚ್ಚ. ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್, ಚೈನು ಮೂರನ್ನೂ ಒಂದೇ ಸೆಟ್ಟಾಗಿ ಕೊಳ್ಳುವುದೇ ವಿವೇಕ.

ಕೊಳ್ಳುವಾಗ ಮೊದಲು ನೋಡಬೇಕಾದುದು ಫಲಕದ ಮೇಲೆ ಅಚ್ಚೊತ್ತಿದ ಸಂಖ್ಯೆ. 250 ಮತ್ತು 450 ಸಿ.ಸಿ.ಯ ಡರ್ಟ್ ಬೈಕುಗಳಿಗೆ ಸಾಮಾನ್ಯವಾಗಿ ಹೊಂದುವುದು 520. ಅದರಲ್ಲಿ ಪಿನ್ನಿನಿಂದ ಪಿನ್ನಿಗೆ 5/8 ಅಂಗುಲ, ಅಂದರೆ 15.875 ಮಿ.ಮೀ. ಅಂತರವಿದ್ದು, ಒಳಗಲವು ಕಾಲು ಅಂಗುಲವಿರುತ್ತದೆ. ಸಣ್ಣ ಬೈಕುಗಳ 428ರಲ್ಲಿ ಪಿನ್ನುಗಳ ಅಂತರ ಅರ್ಧ ಅಂಗುಲ. ಒಂದರ ಸ್ಪ್ರಾಕೆಟ್ಟಿಗೆ ಇನ್ನೊಂದು ಸರ್ವಥಾ ಕೂರದು.

ಸಂಖ್ಯೆಗಿಂತ ಹೆಚ್ಚು ಆಲೋಚನೆ ಬೇಡುವುದು ಚೈನಿನ ಜಾತಿ. ರಿಂಗಿಲ್ಲದ ಸಾದಾ ಚೈನು ಹಗುರ, ಘರ್ಷಣೆ ಕಡಿಮೆ, ಬೆಲೆಯೂ ಕಡಿಮೆ. ಅರ್ಧ ಗಂಟೆಯಲ್ಲಿ ಮುಗಿಯುವ ಮೋಟೋಕ್ರಾಸ್ ಪಂದ್ಯಗಳಲ್ಲಿ, ಆಗಾಗ್ಗೆ ಚೈನು ಬದಲಾಯಿಸುವ ಅನುಕೂಲವಿದ್ದವರಿಗೆ ಅದೇ ಸರಿ. ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನಿನಲ್ಲಾದರೋ ಒಳ ಹೊರ ಫಲಕಗಳ ನಡುವೆ ರಬ್ಬರಿನ ಬಳೆಗಳಿದ್ದು, ಕಾರ್ಖಾನೆಯಲ್ಲಿ ಪಿನ್ನು ಬುಷ್ಷುಗಳ ನಡುವೆ ತುಂಬಿದ ಗ್ರೀಸು ಹೊರಗೆ ಹೋಗದಂತೆಯೂ ಮಣ್ಣು ಒಳಗೆ ಬಾರದಂತೆಯೂ ಅವು ಕಾಯುತ್ತವೆ. ಮಲೆನಾಡಿನ ಕೆಂಪು ಜಂಬಿಟ್ಟಿಗೆಯ ಕೆಸರು ಸಾಣೆಪುಡಿಯಂತೆ ಉಕ್ಕನ್ನು ತಿನ್ನುವುದರಿಂದ, ಸಕಲೇಶಪುರ ಮೂಡಿಗೆರೆಗಳ ಕಡೆ ದಿನವಿಡೀ ಸುತ್ತುವ ಸವಾರನಿಗೆ ರಿಂಗುಳ್ಳ ಚೈನೇ ಯುಕ್ತವೆಂದು ನಿಸ್ಸಂದೇಹವಾಗಿ ಹೇಳಬಲ್ಲೆ. ಚೈನಿನ ಎರಡು ತುದಿಗಳನ್ನು ಕೂಡಿಸಲು ಕ್ಲಿಪ್ಪಿನ ಲಾಕು ಹಾಕುವುದಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೇ ಇರತಕ್ಕದ್ದು. ಲಾಕಿನೊಡನೆ ಬರುವ ನಾಲ್ಕು ರಬ್ಬರ್ ಬಳೆಗಳನ್ನು ಗ್ರೀಸು ಸವರಿ ಹಾಕಲು ಮರೆಯಬಾರದು.

ಚೈನು ಎಷ್ಟು ಸಡಿಲವಿರಬೇಕೆಂಬ ವಿಷಯದಲ್ಲಿ ರಸ್ತೆಯ ಬೈಕಿನಿಂದ ಬಂದವರಿಗೆ ಭ್ರಮೆಯುಂಟಾಗುವುದು ಸಹಜ. ಡರ್ಟ್ ಬೈಕಿನ ಹಿಂದಿನ ಗಾಲಿ ಸುಮಾರು 300 ಮಿ.ಮೀ.ಗಳಷ್ಟು ಮೇಲೆ ಕೆಳಗೆ ಆಡುತ್ತದೆ. ಮುಂದಿನ ಸ್ಪ್ರಾಕೆಟ್ಟಿನ ಅಕ್ಷ, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಗಾಲಿಯ ಆಕ್ಸಲ್ ಈ ಮೂರೂ ಒಂದೇ ನೇರಕ್ಕೆ ಬಂದ ಕ್ಷಣದಲ್ಲಿ ಚೈನು ಗರಿಷ್ಠವಾಗಿ ಬಿಗಿಯುತ್ತದೆ. ಸ್ಟ್ಯಾಂಡಿನ ಮೇಲೆ ನಿಂತಾಗ ನೀಟಾಗಿ ಕಾಣಲೆಂದು ಬಿಗಿದ ಚೈನು, ಬೈಕು ಜಿಗಿದು ನೆಲಕ್ಕಿಳಿಯುವಾಗ ಗೇರ್‌ಬಾಕ್ಸಿನ ಬೇರಿಂಗನ್ನೇ ಜಗ್ಗುವುದು. ಹಿಂದಿನ ಶಾಕ್‌ನ ಕೆಳಗಿನ ಬೋಲ್ಟನ್ನು ಬಿಚ್ಚಿ, ಗಾಲಿಯನ್ನೆತ್ತಿ ಆ ಮೂರನ್ನೂ ನೇರಕ್ಕೆ ತಂದು, ಅಲ್ಲಿಯೂ ಚೈನಿನಲ್ಲಿ ಸ್ವಲ್ಪ ಸಡಿಲವಿರುವಂತೆ ಹೊಂದಿಸಿದ ಮೇಲೆ ಶಾಕನ್ನು ಮತ್ತೆ ಜೋಡಿಸಿ, ಆಗ ಕಾಣುವ ಸಡಿಲವನ್ನು ಅಳೆದು ಬರೆದಿಟ್ಟುಕೊಂಡರೆ, ಅದು ಆ ಬೈಕಿಗೆ ಎಂದೆಂದಿಗೂ ಉಪಯೋಗಕ್ಕೆ ಬರುವ ಅಳತೆ. ಕೆಸರಿನಲ್ಲಿ ಹೋಗುವ ದಿನ ಇನ್ನೂ ಕೊಂಚ ಸಡಿಲ ಬಿಡುವುದು ಲೇಸು, ಏಕೆಂದರೆ ಹಲ್ಲುಗಳ ಸಂದಿಯಲ್ಲಿ ತುಂಬಿಕೊಂಡ ಕೆಸರು ಚೈನನ್ನು ತಾನೇ ಬಿಗಿಮಾಡುತ್ತದೆ.

ಶುಚಿಗೊಳಿಸಲು ಸೀಮೆಎಣ್ಣೆಯೂ ಮೃದುವಾದ ಬ್ರಷ್ಷೂ ಸಾಕು. ಪೆಟ್ರೋಲು ರಬ್ಬರನ್ನು ಕೆಡಿಸುತ್ತದೆ, ತಂತಿಯ ಬ್ರಷ್ಷು ಅದನ್ನು ಹರಿಯುತ್ತದೆ, ವಾಟರ್ ಸರ್ವಿಸಿನ ರಭಸದ ನೀರು ಬಳೆಗಳನ್ನು ದಾಟಿ ಒಳಗಿನ ಗ್ರೀಸನ್ನು ತಲಪುತ್ತದೆ. ಸವಾರಿ ಮುಗಿಸಿ ಬಂದೊಡನೆ, ಚೈನು ಇನ್ನೂ ಬೆಚ್ಚಗಿರುವಾಗ ತೊಳೆದೊರಸಿ, ಕೆಳಸಾಲಿನ ಒಳಮೈಗೆ ಲೂಬ್ ಬಿಟ್ಟರೆ ಮುಂದಿನ ಓಟದಲ್ಲಿ ಅದು ತಾನಾಗಿ ಹೊರಕ್ಕೆ ಹರಡಿಕೊಳ್ಳುವುದು. ಈ ಕೆಲಸವನ್ನೆಲ್ಲ ಎಂಜಿನ್ ನಿಲ್ಲಿಸಿ, ಗಾಲಿಯನ್ನು ಕೈಯಿಂದಲೇ ತಿರುಗಿಸುತ್ತ ಮಾಡಬೇಕು. ಗೇರು ಹಾಕಿ ಗಾಲಿಯನ್ನು ಓಡಲು ಬಿಟ್ಟು ಚೈನನ್ನೊರಸಹೋಗಿ ಬೆರಳು ಕಳೆದುಕೊಂಡವರುಂಟು.

ಮುಂಗಾರಿಗೆ ಮುನ್ನ ಓದುಗರು ತಮ್ಮ ಬೈಕಿನ ಚೈನನ್ನು ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿನವರೆಗೆ ಅಳೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಹೊಸ 520 ಚೈನಿನಲ್ಲಿ ಈ ಅಳತೆ 317.5 ಮಿ.ಮೀ. ಅದು 323ರ ಸಮೀಪಕ್ಕೆ ಬಂದಿದ್ದರೆ ಹೊಸ ಸೆಟ್ಟನ್ನು ಈಗಲೇ ತರಿಸಿ ಹಾಕಿಸಿರಿ.