ಶಿಗ್ಗಾವಿಯ ಮತ, ಸರ್ಕಾರಿ ಆಸ್ಪತ್ರೆಯ ಚೀಟಿ

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಆಡಳಿತಾರೂಢ ಕಾಂಗ್ರೆಸ್ಸಿಗೆ ದಕ್ಕಿದ್ದು ಒಂಬತ್ತು. ಬಿಜೆಪಿ 17 ಸ್ಥಾನ ಗೆದ್ದಿತು, ಮಿತ್ರಪಕ್ಷ ಜೆಡಿಎಸ್ ಎರಡು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಜನಪ್ರಿಯತೆ ಇಳಿಮುಖವಾಗಿದೆ, ಕಾಂಗ್ರೆಸ್ಸಿನ ಗ್ಯಾರಂಟಿ ಯೋಜನೆಗಳ ಮೋಡಿ ಮುಗಿದಿದೆ ಎಂಬ ಬಿಜೆಪಿಯ ಟೀಕೆಗೆ ಈ ಅಂಕಿಗಳೇ ಆಧಾರವಾದವು. ಆಗಸ್ಟ್‌ನಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ಹಂಚಿಕೆಯ ವಿರುದ್ಧ ಬಿಜೆಪಿ ಮತ್ತು ಜೆಡಿಎಸ್ ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ನಡೆಸಿದವು. ಅದೇ ತಿಂಗಳು ರಾಜ್ಯಪಾಲರು ಮುಖ್ಯಮಂತ್ರಿಯ ವಿರುದ್ಧ ತನಿಖೆಗೆ ಅನುಮತಿ ಕೊಟ್ಟರು.

ಈ ಟೀಕೆ ಮತಪೆಟ್ಟಿಗೆಯಲ್ಲಿ ಪರೀಕ್ಷೆಗೆ ಒಳಗಾದದ್ದು ಹಾವೇರಿ ಜಿಲ್ಲೆಯಲ್ಲಿ. ಇಲ್ಲಿನ ರಾಜಕೀಯ ಭೂಗೋಳ ಸ್ವಲ್ಪ ತೊಡಕಿನದು. ಹಾನಗಲ್ ಮತ್ತು ಹಿರೇಕೆರೂರು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಸವಣೂರನ್ನು ಒಳಗೊಂಡ ಶಿಗ್ಗಾವಿ ವಿಧಾನಸಭಾ ಕ್ಷೇತ್ರ ಇದೇ ಜಿಲ್ಲೆಯದಾದರೂ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿದೆ. ಹೀಗಾಗಿ 2008ರಿಂದ ಸತತ ನಾಲ್ಕು ಬಾರಿ ಶಿಗ್ಗಾವಿಯಿಂದ ಆಯ್ಕೆಯಾಗಿದ್ದ ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಾವೇರಿಯಿಂದ ಸಂಸತ್ತಿಗೆ ಸ್ಪರ್ಧಿಸಿದಾಗ, ಅವರ ಸ್ವಂತ ಕ್ಷೇತ್ರದ ಮತದಾರರು ಅವರಿಗೆ ಮತ ಹಾಕುವಂತಿರಲಿಲ್ಲ. ಆದರೂ ಅವರು ಗೆದ್ದರು, ಶಿಗ್ಗಾವಿ ತೆರವಾಯಿತು. ನವೆಂಬರ್ 13ರ ಉಪಚುನಾವಣೆಗೆ ಬಿಜೆಪಿ ಅವರ ಮಗ ಭರತ್ ಬೊಮ್ಮಾಯಿ ಅವರನ್ನೇ ಇಳಿಸಿತು.

ಪ್ರಚಾರದಲ್ಲಿ ಮುಡಾ ಇತ್ತು, ಅದಕ್ಕಿಂತ ಹೆಚ್ಚಾಗಿ ವಕ್ಫ್ ಆಸ್ತಿಯ ವಿವಾದವಿತ್ತು. ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಇದೇ ಕಾರಣಕ್ಕೆ ಕಲ್ಲುತೂರಾಟವೂ ನಡೆದಿತ್ತು. ಇಷ್ಟೆಲ್ಲ ಆದ ಮೇಲೂ ನವೆಂಬರ್ 23ರ ಎಣಿಕೆಯಲ್ಲಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಹಿಂದಿನ ವರ್ಷ ಬೊಮ್ಮಾಯಿ ಎದುರು ಸುಮಾರು 36 ಸಾವಿರ ಮತಗಳಿಂದ ಸೋತಿದ್ದವರು ಇವರೇ. ಸಂಡೂರು, ಚನ್ನಪಟ್ಟಣಗಳೂ ಅಂದೇ ಕಾಂಗ್ರೆಸ್ ಪಾಲಾದವು. 2023ರಲ್ಲಿ ಹಾನಗಲ್, ಹಿರೇಕೆರೂರು ಸೇರಿ ಜಿಲ್ಲೆಯ ಆರರಲ್ಲಿ ಐದು ಕ್ಷೇತ್ರ ಹಿಡಿದಿದ್ದ ಪಕ್ಷಕ್ಕೆ ಉಳಿದ ಒಂದೂ ಸಿಕ್ಕಿತು.

ಉಪಚುನಾವಣೆ ಆಡಳಿತ ಪಕ್ಷಕ್ಕೇ ಒಲಿಯುತ್ತದೆ ಎಂಬ ಸಮಜಾಯಿಷಿ ಇಂಥ ಸಂದರ್ಭಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಪಕ್ಕದ ಹಾನಗಲ್ ಅದನ್ನು ಪೂರ್ತಿ ಒಪ್ಪುವುದಿಲ್ಲ. ಸಿ.ಎಂ. ಉದಾಸಿಯವರ ನಿಧನದಿಂದ 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಉಪಚುನಾವಣೆ ನಡೆದಾಗ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಮೂರು ತಿಂಗಳಾಗಿತ್ತು. ತವರು ಜಿಲ್ಲೆಯ ಆ ಕ್ಷೇತ್ರವನ್ನು ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ ಗೆದ್ದರು. ಆಗ ಜನಪ್ರಿಯತೆ ಕುಸಿದಿದೆ ಎಂದು ಹೇಳುವ ಸರದಿ ಕಾಂಗ್ರೆಸ್ಸಿನದಾಗಿತ್ತು. ಹಿರೇಕೆರೂರಿನ ಕಥೆ ಇನ್ನೊಂದು ಬಗೆಯದು. 2019ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿಯಿಂದ ಉಪಚುನಾವಣೆ ಗೆದ್ದ ಬಿ.ಸಿ. ಪಾಟೀಲರನ್ನು 2023ರಲ್ಲಿ ಸೋಲಿಸಿದ ಯು.ಬಿ. ಬಣಕಾರ್ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದವರು. ಇಂಥ ಕಡೆ ನಾಯಕನ ವರ್ಚಸ್ಸು ಎಷ್ಟು, ಅಭ್ಯರ್ಥಿಯ ನಂಟು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ನಾಯಕನ ವರ್ಚಸ್ಸನ್ನೇ ಬೇರೆಯಾಗಿ ಅಳೆಯುವುದೂ ಉಂಟು. ಅಮೆರಿಕದಲ್ಲಿ ಅಧ್ಯಕ್ಷರ ಜನಪ್ರಿಯತೆಯನ್ನು ಗ್ಯಾಲಪ್‌ನಂಥ ಸಂಸ್ಥೆಗಳು ದಶಕಗಳಿಂದ ಅಳೆಯುತ್ತ ಬಂದಿವೆ. ಬರಾಕ್ ಒಬಾಮ 2010ರ ಮಾರ್ಚ್‌ನಲ್ಲಿ ಆರೋಗ್ಯ ವಿಮೆಯ ಕಾಯ್ದೆಗೆ ಸಹಿ ಹಾಕಿದರು. ರಿಪಬ್ಲಿಕನ್ನರು ಅದನ್ನು ‘ಒಬಾಮಕೇರ್’ ಎಂದು ಕರೆದು ಅಧ್ಯಕ್ಷರ ಹೆಸರಿಗೇ ಅಂಟಿಸಿದರು. ಆ ನವೆಂಬರ್‌ನಲ್ಲಿ ಡೆಮಾಕ್ರಟರು ಕೆಳಮನೆಯ 63 ಸ್ಥಾನ ಕಳೆದುಕೊಂಡರು. ಅಲ್ಲಿ ಜನಪ್ರಿಯತೆ ಮತ್ತು ಆರೋಗ್ಯ ನೀತಿ ಒಂದೇ ಟೀಕೆಯ ಎರಡು ಮುಖವಾಗಿದ್ದವು.

ಕರ್ನಾಟಕದಲ್ಲಿ ಹಾಗಾಗಲಿಲ್ಲ, ಏಕೆಂದರೆ ಇಲ್ಲಿನ ಆರೋಗ್ಯ ಯೋಜನೆ ಯಾವ ಒಬ್ಬ ನಾಯಕನದೂ ಅಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಶುರುವಾದದ್ದು 2003ರಲ್ಲಿ, ಎಸ್.ಎಂ. ಕೃಷ್ಣ ಕಾಲದಲ್ಲಿ. ವಾಜಪೇಯಿ ಆರೋಗ್ಯಶ್ರೀ ಬಿಜೆಪಿ ಸರ್ಕಾರದ್ದು. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಆರೋಗ್ಯ ಕರ್ನಾಟಕ ತಂದರು, ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ನಿಲ್ಲಿಸಿದ್ದ ಯಶಸ್ವಿನಿಯನ್ನು ಮತ್ತೆ ತಂದದ್ದು ಬೊಮ್ಮಾಯಿ ಸರ್ಕಾರ. ಈಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ವೆಚ್ಚದ ಶೇ 30ರಷ್ಟು, ಗರಿಷ್ಠ ಒಂದೂವರೆ ಲಕ್ಷ. ಕಾರ್ಡಿನ ಮೇಲೆ ಯಾರ ಹೆಸರು, ಯಾರ ಫೋಟೊ ಎಂಬ ಜಗಳ ಕೇಂದ್ರ ಮತ್ತು ರಾಜ್ಯದ ನಡುವೆ ಮುಂದುವರಿದೇ ಇದೆ.

ಹಿರೇಕೆರೂರಿನ ರೋಗಿಗೆ ಮುಖ್ಯವಾದದ್ದು ಆ ಹೆಸರಲ್ಲ, ರೆಫರಲ್ ಚೀಟಿ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದು ವೈದ್ಯರು ಬರೆದುಕೊಟ್ಟರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಸೌಲಭ್ಯ. ಸರ್ಕಾರಿ ಆಸ್ಪತ್ರೆ ಬಳಕೆಯಾಗಲಿ, ಖಾಸಗಿಯವರ ಬಿಲ್ಲಿಗೆ ಲಗಾಮು ಬೀಳಲಿ ಎಂಬುದು ನಿಯಮದ ಹಿಂದಿನ ತರ್ಕ. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರಿಲ್ಲದ ದಿನ ಅದೇ ನಿಯಮ ಅಲೆದಾಟವಾಗುತ್ತದೆ.

ಬಿಜೆಪಿಯ ಆರೋಗ್ಯ ಟೀಕೆಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಬೆಂಗಳೂರಿನ ವಿಕ್ಟೋರಿಯಾ ಮೊದಲಾದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಯ ದರ 10 ರೂಪಾಯಿಯಿಂದ 20 ಆದಾಗ, ಗ್ಯಾರಂಟಿಗೆ ಹಣ ಹೊಂದಿಸಲು ಬಡ ರೋಗಿಯ ಜೇಬಿಗೆ ಕೈ ಹಾಕಲಾಗಿದೆ ಎಂದು ಅದು ಹರಿಹಾಯ್ದಿತು. ಉಪಚುನಾವಣೆ ನಡೆದ ಅದೇ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ನಡೆದದ್ದು ಬಹಳ ಗಂಭೀರ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಅನುಮಾನ ಪಶ್ಚಿಮ ಬಂಗಾಳದಿಂದ ಪೂರೈಕೆಯಾಗಿದ್ದ ಐವಿ ದ್ರಾವಣದ ಮೇಲೆ ಬಿತ್ತು. ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ರಾಜ್ಯದ ಪ್ರಯೋಗಾಲಯ ತಿರಸ್ಕರಿಸಿದ್ದ ಕೆಲವು ಬ್ಯಾಚ್‌ಗಳನ್ನು ಕೇಂದ್ರದ ಪ್ರಯೋಗಾಲಯ ಪಾಸು ಮಾಡಿತ್ತು ಎಂಬುದು ಅದರ ಉತ್ತರ. ಆ ಉತ್ತರದಲ್ಲಿ ಹುರುಳಿದೆ. ಆದರೂ ಒಮ್ಮೆ ಅನುಮಾನ ಹುಟ್ಟಿದ ದ್ರಾವಣ ಹೆರಿಗೆ ವಾರ್ಡಿನವರೆಗೆ ಹೇಗೆ ಬಂತು ಎಂಬ ವಿರೋಧ ಪಕ್ಷದ ಪ್ರಶ್ನೆ ಅದರಿಂದ ಅಳಿಸಿಹೋಗುವುದಿಲ್ಲ.

2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದಲ್ಲಿ ಕೇಂದ್ರದ ಯೋಜನೆಯಡಿ ಅಗ್ಗದ ಔಷಧ ಮಾರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶ ಹೊರಬಿತ್ತು. ಪ್ರಧಾನಿಯ ಮೇಲಿನ ದ್ವೇಷಕ್ಕೆ ಬಡವರ ಮಾತ್ರೆ ಕಿತ್ತುಕೊಳ್ಳಲಾಗುತ್ತಿದೆ ಎಂದಿತು ಬಿಜೆಪಿ. ಆಸ್ಪತ್ರೆಯೇ ಉಚಿತವಾಗಿ ಔಷಧ ಕೊಡಬೇಕಾದ ಜಾಗದಲ್ಲಿ ಮಾರಾಟದ ಮಳಿಗೆ ಏಕೆ ಎಂದು ಕೇಳಿದರು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್. ಜನೌಷಧಿ 2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಶುರುಮಾಡಿದ್ದು ಎಂಬುದು ಈ ಗದ್ದಲದಲ್ಲಿ ಎರಡೂ ಕಡೆಯವರಿಗೆ ಅಷ್ಟಾಗಿ ನೆನಪಾಗಲಿಲ್ಲ. ಕಾಗದದ ಮೇಲೆ ಸರ್ಕಾರದ ವಾದ ಸರಿ. ಆದರೆ ಉಚಿತ ಔಷಧದ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಮಾತು ನಿಲ್ಲುವವರೆಗೆ, ಬಿಪಿ ಮಾತ್ರೆ ಅಗ್ಗಕ್ಕೆ ಸಿಗುವ ಮಳಿಗೆ ಅದೇ ಆವರಣದಲ್ಲಿರುವುದರಿಂದ ರೋಗಿಗೆ ನಷ್ಟವೇನಿಲ್ಲ.

ಮುಖ್ಯಮಂತ್ರಿ ನೇರವಾಗಿ ಎಡವಿದ್ದು ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಸಂಭವಿಸಿದ ಹೃದಯಾಘಾತದ ಸಾವುಗಳ ವಿಷಯದಲ್ಲಿ. ಅವಸರದಲ್ಲಿ ಅನುಮೋದನೆ ಪಡೆದ ಕೋವಿಡ್ ಲಸಿಕೆಯೂ ಕಾರಣವಿರಬಹುದು ಎಂದು 2025ರ ಜುಲೈ 1ರಂದು ಅವರು ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ಅಲ್ಲಗಳೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ರಾಜ್ಯ ಸರ್ಕಾರವೇ ನೇಮಿಸಿದ್ದ ಸಮಿತಿಗೂ ಲಸಿಕೆಯ ನಂಟು ಕಾಣಲಿಲ್ಲ. ಇಲ್ಲಿ ಟೀಕೆ ಮಾಡಿದವರದೇ ಸರಿ.

ಸಿದ್ದರಾಮಯ್ಯನವರ ಐದು ಗ್ಯಾರಂಟಿಗಳಿಗೆ 2025-26ರ ಬಜೆಟ್ 51 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ತೆಗೆದಿಟ್ಟಿತು. ಆ ಐದರಲ್ಲಿ ಆರೋಗ್ಯಕ್ಕೆ ಸೇರಿದ್ದು ಒಂದೂ ಇಲ್ಲ.